ಮೊಣಕಾಲೆತ್ತರದ ಸತ್ಯ

ಬಣ್ಣದ ಕಾರ್ಖಾನೆಯ ಹಿಂದೆ ನಾನೂ ನನ್ನ ಅಕ್ಕನೂ ಬಾಡಿಗೆಗಿದ್ದ ಕೋಣೆಯಲ್ಲಿ ಉಪ್ಪು ಇಡುವ ಹಾಗಿರಲಿಲ್ಲ. ಇಟ್ಟರೆ ಬೆಳಗಾಗುವಷ್ಟರಲ್ಲಿ ಕರಗಿ, ಡಬ್ಬಿಯಿಂದ ಇಳಿದು, ಹೊಸ್ತಿಲು ದಾಟಿ, ಬೀದಿ ತಿರುಗಲು ಹೋಗಿರುತ್ತಿತ್ತು. ಗೋಡೆಯೊಳಗೆ ಒಂದು ಕಪ್ಪೆ ಇತ್ತು. ನಮಗಿಂತ ಮುಂಚೆ ಬಂದದ್ದು. ಹಾಗಾಗಿ ಮನೆ ಯಜಮಾನ ಬಂದಾಗ ಮೊದಲು ಅದರ ಯೋಗಕ್ಷೇಮ ವಿಚಾರಿಸಿ, ಆಮೇಲೆ ನಮ್ಮ ಕಡೆ ತಿರುಗುತ್ತಿದ್ದ. ನಂಬುವವರು ನಂಬಿ, ಬಿಡುವವರು ಬಿಡಿ.

ಆದರೆ ಅಕ್ಕನ ಕೆಮ್ಮನ್ನು ನಾನು ಉದ್ದ ಮಾಡಿ ಹೇಳುತ್ತಿಲ್ಲ. ಅದು ತಾನೇ ಬೇಕಾದಷ್ಟು ಉದ್ದ ಇತ್ತು. ಲಂಗ ಹಾಕುವ ವಯಸ್ಸಿನಿಂದ ನೂಲಿನ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದ ಎದೆ ಅವಳದ್ದು. ಡಾಕ್ಟರಮ್ಮ ಬೆನ್ನಿಗೆ ಕೊಳವೆ ಇಟ್ಟು ಕೇಳಿ ನನ್ನನ್ನು ಪಕ್ಕಕ್ಕೆ ಕರೆದರು. "ಮಾತ್ರೆ ಬರ್ಕೊಡ್ತೀನಪ್ಪ. ಆದ್ರೆ ಇದಕ್ಕೆ ನಿಜವಾದ ಔಷಧಿ ಅಂದ್ರೆ ಒಣಗಿರೋ ಗೋಡೆ. ಅದೇ ಕೋಣೆಯಲ್ಲಿ ಇಟ್ಕೊಂಡು ನನ್ನ ಹತ್ರ ಕರ್ಕೊಂಡು ಬಂದ್ರೆ ನಾನೇನೂ ಮಾಡಕ್ಕಾಗಲ್ಲ."

ಒಣಗೋಡೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ.

ಆ ಔಷಧಿ ಸಿಕ್ಕುವ ಹಾಗೆ ಕಂಡದ್ದು ಊರಾಚೆಯ ಹಳೆ ಇಟ್ಟಿಗೆ ಗೂಡಿನ ಜಾಗದಲ್ಲಿ. ಕಾರ್ಖಾನೆ ಹಿಂದಿನ ಓಣಿಯಲ್ಲಿದ್ದ ನಮ್ಮ ಒಂಬತ್ತು ಮನೆಯವರಿಗೆ ನಗರಸಭೆಯವರು ಆ ಜಾಗ ಕೊಟ್ಟರು. ಇಟ್ಟಿಗೆ, ಸಿಮೆಂಟು, ಮರಳು ಅವರದ್ದು, ಮೈ ನಮ್ಮದು. ಎಲ್ಲರೂ ಸೇರಿ ನಾವೇ ಕಟ್ಟಿಕೊಳ್ಳಬೇಕು, ಗುತ್ತಿಗೆದಾರನನ್ನು ಕರೆಯುವ ಹಾಗಿಲ್ಲ, ಕೆಲಸ ನಿಂತರೆ ಜಾಗ ವಾಪಸ್ಸು. ಒಂಬತ್ತು ಮನೆ, ಎಲ್ಲಕ್ಕೂ ಒಂದೇ ನಕ್ಷೆ, ಒಂದೇ ಕಿಟಕಿ, ಒಂದೇ ಬಾಗಿಲು.

ನಮ್ಮಲ್ಲಿ ನಿಜವಾಗಿ ಕಟ್ಟಡದ ಕೆಲಸ ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ. ಅವನು ಗೋಡೆಯನ್ನು ಒಂದು ಕಣ್ಣು ಮುಚ್ಚಿ ನೋಡಿದರೆ ಸೊಟ್ಟಗಿದ್ದ ಗೋಡೆ ನಾಚಿಕೆಯಿಂದ ತಾನೇ ನೆಟ್ಟಗಾಗುತ್ತಿತ್ತು. ಮಿಕ್ಕವರೆಲ್ಲ ಬೇರೆ ಬೇರೆ ಕಸುಬಿನವರು. ನಾನು ಸಾಮಾನು ಸಾಗಿಸುವ ಗಾಡಿಯವನು. ಒಬ್ಬ ದರ್ಜಿ, ಮಾತಿನಲ್ಲೂ ಚುಚ್ಚುವವನಾದ್ದರಿಂದ ಅವನಿಗೆ ಸೂಜಿ ಅಂತಲೇ ಹೆಸರು. ಒಬ್ಬ ಬಸ್ ಕಂಡಕ್ಟರು, ನಿದ್ದೆಯಲ್ಲೂ 'ರೈಟ್ ರೈಟ್' ಅನ್ನುವುದಕ್ಕೆ ರೈಟಣ್ಣ ಆಗಿದ್ದ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಯಮ್ಮ ಒಬ್ಬಳು. ಉಳಿದವರು ಕಾರ್ಖಾನೆಯವರು. ಎಷ್ಟು ತೊಳೆದರೂ ಅವರ ಕೈ ನೀಲಿ.

ಮೊದಲ ದಿನ ಇಟ್ಟಿಗೆ ರಾಶಿಯ ಮೇಲೆ ಕೂತು ಎಲ್ಲರೂ ಜಗಳ ಶುರುಮಾಡಿದರು. ಯಾರ ಮನೆ ಮೊದಲು? ಮೂಲೆಯ ಮನೆ ಯಾರಿಗೆ? ಮೂಲೆಯ ಮನೆಗೆ ಎರಡು ಕಡೆ ಗಾಳಿ, ಬೆಳಗಿನ ಬಿಸಿಲು. ಅದರ ಮೇಲೆ ಎಲ್ಲರ ಕಣ್ಣು.

ಅಕ್ಕ ಕೆಮ್ಮು ನಿಲ್ಲಿಸಿಕೊಂಡು ಹೇಳಿದಳು. "ಯಾವ ಮನೆ ಯಾರದ್ದು ಅಂತ ಈಗ ಗೊತ್ತಾಗೋದೇ ಬೇಡ. ಒಂಬತ್ತೂ ಎದ್ದು, ಕೊನೇ ಬಾಗಿಲು ಕೂತ ಮೇಲೆ ಚೀಟಿ ಎತ್ತೋಣ. ಅಲ್ಲೀವರೆಗೂ ಎಲ್ಲಾ ಮನೆನೂ ನಂದೇ ಅಂತ ಕಟ್ಟಿ."

"ಮತ್ತೆ ನಾನು ಕಷ್ಟಪಟ್ಟು ಕಟ್ಟಿದ್ದು ಇವ್ನಿಗೆ ಹೋದ್ರೆ?" ಎಂದು ಸೂಜಿ ರೈಟಣ್ಣನ ಕಡೆ ಗದ್ದ ಎತ್ತಿದ.

"ಅವ್ನು ಕಷ್ಟಪಟ್ಟು ಕಟ್ಟಿದ್ದು ನಿಂಗೆ ಬರುತ್ತಲ್ಲ. ಅವ್ನ ಮನೇಲಿ ನೀನು ಕಳ್ಳಗೆಲ್ಸ ಮಾಡಿದ್ರೆ, ನಾಳೆ ಅದ್ರೊಳಗೆ ಮಲಗೋನು ನೀನೇ ಆಗಬೋದು."

ಮೇಸ್ತ್ರಿ ತೊಡೆ ತಟ್ಟಿದ. "ಅಕ್ಕಾ, ಮೂವತ್ತು ವರ್ಷದಿಂದ ಕಟ್ತಾ ಇದೀನಿ, ಇಂಥ ಗಟ್ಟಿ ಪಾಯ ನೋಡಿಲ್ಲ."

ಹಾಗೆ ಶುರುವಾಯಿತು. ವಾರದ ರಜೆ ಬಂದರೆ ಒಂಬತ್ತು ಮನೆಯವರೂ ಗೂಡಿನ ಹತ್ತಿರ ಹಾಜರು. ಪಾಯ ತೋಡಿದ್ದೇ ತೋಡಿದ್ದು! ಇನ್ನೆರಡು ಗುದ್ದಲಿ ಹಾಕಿದ್ದರೆ ಭೂಮಿಯ ಆ ಕಡೆಯವರು 'ಯಾರ್ರೀ ಅದು' ಅಂತ ಕೇಳುತ್ತಿದ್ದರು. ಗಾರೆಯ ಬಾಣಲೆ ಕೈಯಿಂದ ಕೈಗೆ ಹೋಗುವಾಗ ರೈಟಣ್ಣ ಸಾಲಿನ ತುದಿಯಲ್ಲಿ ನಿಂತು "ಮುಂದೆ ಹೋಗ್ರೀ, ಮುಂದೆ ಜಾಗ ಇದೆ, ರೈಟ್ ರೈಟ್!" ಎನ್ನುತ್ತಿದ್ದ. ಆಯಮ್ಮ ಕಟ್ಟಿದ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತಿದ್ದಳು, ಮಗುವಿಗೆ ಸ್ನಾನ ಮಾಡಿಸುವ ಹಾಗೆ. ಧೂಳಿನ ಕೆಲಸ ಅಕ್ಕನಿಗೆ ಆಗದು. ಅವಳು ನೀರಿನ ತೊಟ್ಟಿಯ ಪಕ್ಕ ಕೂತು ಇಟ್ಟಿಗೆ ನೆನೆಸುತ್ತಿದ್ದಳು. ಒಂದಕ್ಕೊಂದು ತಟ್ಟಿ ಠಣ್ ಎಂದರೆ ತೊಟ್ಟಿಗೆ, ಬೊದಕ್ ಎಂದರೆ ಪಕ್ಕಕ್ಕೆ.

"ಅಕ್ಕಾ, ಸೂಜಿ ತಲೆಗೂ ಒಂದ್ಸಲ ತಟ್ಟಿ ನೋಡು," ಎಂದು ರೈಟಣ್ಣ ಕೂಗುತ್ತಿದ್ದ.

"ಅದನ್ನ ನೆನೆಸಿದ್ರೆ ಕರಗೋಗುತ್ತೆ ಕಣಯ್ಯ, ಹಸೀದು," ಎನ್ನುತ್ತಿದ್ದಳು ಅಕ್ಕ. ಎಲ್ಲರಿಗಿಂತ ಜೋರಾಗಿ ಸೂಜಿಯೇ ನಗುತ್ತಿದ್ದ.

ಮಧ್ಯಾಹ್ನ ಒಂಬತ್ತು ಮನೆಯ ಡಬ್ಬಿಗಳು ಒಂದೇ ಹಲಗೆಯ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ಯಾರ ಡಬ್ಬಿಗೆ ಯಾರು ಕೈ ಹಾಕಿದರು ಎಂದು ಕೇಳಿದವರಿಲ್ಲ. ಆ ದಿನಗಳಲ್ಲಿ ಅಕ್ಕನ ಕೆಮ್ಮು ಕೂಡ ರಜೆಯ ದಿನ ರಜೆ ತೆಗೆದುಕೊಳ್ಳುತ್ತಿತ್ತು.

ಗೋಡೆಗಳು ಮೊಣಕಾಲೆತ್ತರಕ್ಕೆ ಬಂದವು. ಅಷ್ಟರಲ್ಲಿ ಒಂದು ಪರದೆ ಬಂತು.

ಮೇಸ್ತ್ರಿಯ ಹೆಂಡತಿ ಸೂಜಿಯ ಅಂಗಡಿಗೆ ಹೋಗಿ, ಹಳದಿ ಬಟ್ಟೆ ಕೊಟ್ಟು, ಕಿಟಕಿಗೆ ಪರದೆ ಹೊಲಿದುಕೊಡು ಅಂದಳಂತೆ. ಎಲ್ಲ ಮನೆಗೂ ಒಂದೇ ಕಿಟಕಿ, ಅದರಲ್ಲೇನೂ ತಪ್ಪಿಲ್ಲ. ಆದರೆ ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ಒಂದು ಮಾತು ಆಡಿದಳು. "ಬೆಳಗಿನ ಬಿಸಿಲು ಬಿದ್ರೆ ಎಷ್ಟ್ ಚೆಂದ ಕಾಣುತ್ತೆ ಅಲ್ವಾ?"

ಬೆಳಗಿನ ಬಿಸಿಲು ಬೀಳುವುದು ಮೂಲೆಯ ಮನೆಗೆ ಮಾತ್ರ.

ಪಾಪ, ಆ ಹೆಂಗಸು ಆಸೆಗೆ ಆಡಿದ ಮಾತೋ ಏನೋ. ಹುಟ್ಟದ ಮಗುವಿಗೆ ಕುಲಾವಿ ಹೊಲಿಸಿದ ಹಾಗೆ. ಆದರೆ ಸೂಜಿ ಆ ಪರದೆಗೆ ಹೊಲಿಗೆ ಹಾಕುವುದಕ್ಕಿಂತ ಮುಂಚೆ ಊರಿಗೆಲ್ಲ ಹೊಲಿಗೆ ಹಾಕಿದ. ಸಂಜೆಯೊಳಗೆ ಸುದ್ದಿ ಎಂಟು ಮನೆ ಸುತ್ತಿ, ದಪ್ಪವಾಗಿ, ಕೋಡು ಬಾಲ ಎಲ್ಲ ಬೆಳೆಸಿಕೊಂಡು ನಮ್ಮ ಬಾಗಿಲಿಗೆ ಬಂತು.

"ಚೀಟಿ ಗೀಟಿ ಎಲ್ಲ ನಾಟಕ. ಮೂಲೆಮನೆ ಆಗ್ಲೇ ಮೇಸ್ತ್ರಿದಾಗಿದೆ," ಎಂದ ಸೂಜಿ, ನಮ್ಮ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು.

"ನೋಡಿದ್ಯಾ?" ಅಂದಳು ಅಕ್ಕ.

"ಪರದೆ ನೋಡಿದೀನಲ್ಲ!"

"ಪರದೆ ನೋಡಿದೋರು ನಾಟಕ ನೋಡ್ದೆ ಅನ್ನಬಾರ್ದು ಕಣೋ. ಹೋಗು, ಕೆಲ್ಸ ನೋಡು."

ಮುಂದಿನ ರಜೆಗೆ ಅರ್ಧ ಜನ ಬರಲಿಲ್ಲ. ಒಬ್ಬನಿಗೆ ಸೊಂಟ ನೋವು, ಒಬ್ಬನ ಮಾವನಿಗೆ ಹುಷಾರಿಲ್ಲ. ಆ ತಿಂಗಳು ನಮ್ಮ ಓಣಿಯಲ್ಲಿ ಎಷ್ಟು ಮಾವಂದಿರು ಹಾಸಿಗೆ ಹಿಡಿದರೆಂದರೆ, ಮದುವೆಯಾಗದವನಿಗೂ ಒಬ್ಬ ಮಾವ ಸಾಯಲು ಬಿದ್ದಿದ್ದ. ಕೆಲಸ ನಿಲ್ಲುವ ಹಾಗಾಯಿತು. ನಿಂತರೆ ಜಾಗ ಹೋಗುತ್ತದೆ. ಆಗ ಮೇಸ್ತ್ರಿ ಏನು ಮಾಡಿದ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಆವಾಗ ಕಂಡದ್ದು ಇಷ್ಟೇ. ಒಬ್ಬೊಬ್ಬರಾಗಿ ಅವನ ಮನೆಗೆ ಹೋದರು, ಒಬ್ಬೊಬ್ಬರಾಗಿ ಮುಖ ಅರಳಿಸಿಕೊಂಡು ಬಂದರು, ಮತ್ತೆ ಕೆಲಸಕ್ಕೆ ಹಾಜರಾದರು. ಸೊಂಟಗಳು ನೆಟ್ಟಗಾದವು, ಮಾವಂದಿರು ಎದ್ದು ಕೂತರು.

ನನಗೂ ಹೋಗಿ ಕೇಳಿಬಿಡೋಣ ಎನಿಸಿತು. ಚಪ್ಪಲಿ ಮೆಟ್ಟುವಾಗ ಅಕ್ಕ ಅಂಗಿ ಹಿಡಿದಳು.

"ಎಲ್ಲಿಗೆ?"

"ಸುಮ್ನೆ, ಮೇಸ್ತ್ರಿ ಹತ್ರ. ನಿನ್ನ ಎದೆ ವಿಷ್ಯ ಹೇಳಿದ್ರೆ ಅವ್ನು ಇಲ್ಲ ಅನ್ನಲ್ಲ."

"ನನ್ನ ಎದೆ ಅಡ ಇಟ್ಟು ಮನೆ ತರಬೇಡ. ಹೋದ್ಯೋ, ಇವತ್ತಿಂದ ನಿನ್ನ ಅಡುಗೆ ನೀನೇ ಮಾಡ್ಕೋ."

ನನ್ನ ಅಡುಗೆಯ ವಿಷಯ ಗೊತ್ತಿದ್ದವರಿಗೆ ನಾನು ಯಾಕೆ ಚಪ್ಪಲಿ ಬಿಚ್ಚಿದೆ ಎಂದು ಹೇಳಬೇಕಾಗಿಲ್ಲ. ನಾನು ಬೇಯಿಸಿದ್ದನ್ನು ಒಮ್ಮೆ ನಾಯಿಗೆ ಹಾಕಿದ್ದೆ. ಅದು ತಿನ್ನಲಿಲ್ಲ, ಮಣ್ಣು ಕೆರೆದು ಗೌರವದಿಂದ ಹೂತಿತು.

ಅಲ್ಲಿಂದ ಮುಂದೆ ಕೆಲಸದ ಚಂದವೇ ಬೇರೆ. ಬಂದವರೆಲ್ಲ ಮೊದಲು ಓಡುತ್ತಿದ್ದದ್ದು ಮೂಲೆಯ ಮನೆಗೆ. ಅಲ್ಲಿ ಒಂದು ಕೈಬಾಣಲೆ ಸಿಮೆಂಟು ಸಾಕು ಅಂದರೆ ಸೂಜಿ ಯಾರೂ ನೋಡದಾಗ ಇನ್ನೊಂದು ಸುರಿಯುತ್ತಿದ್ದ. ಅವನು ಆ ಕಡೆ ಹೋದ ಮೇಲೆ ರೈಟಣ್ಣ ಮತ್ತೊಂದು. ಆಯಮ್ಮ ಬೇರೆ ಮನೆಗಳಿಗೆ ಚಿಮುಕಿಸಿ, ಆ ಮನೆಗೆ ಮಾತ್ರ ಕೊಡಗಟ್ಟಲೆ ಎರೆಯುತ್ತಿದ್ದಳು. ಆ ಗೋಡೆ ಎಷ್ಟು ಗಟ್ಟಿಯಾಯಿತೆಂದರೆ, ಅದಕ್ಕೆ ಡಿಕ್ಕಿ ಹೊಡೆದ ಸೊಳ್ಳೆಯೊಂದು ಮೂತಿ ಮುರಿದುಕೊಂಡು ಜೀವನಪೂರ್ತಿ ಹಾಲು ಕುಡಿದುಕೊಂಡೇ ಇತ್ತು. ಮೊಳೆ ಹೊಡೆಯಲು ಹೋದರೆ ಸುತ್ತಿಗೆ ಕ್ಷಮೆ ಕೇಳಿ ವಾಪಸ್ಸು ಬರುತ್ತಿತ್ತು.

ಸಿಮೆಂಟು ಮಾತ್ರ ಎಣಿಸಿ ಕೊಟ್ಟದ್ದೇ ಅಲ್ಲವೇ? ಒಂದು ಕಡೆ ಹೆಚ್ಚಾದದ್ದು ಎಂಟು ಕಡೆ ಕಡಿಮೆಯಾಗಬೇಕು. ಮಿಕ್ಕ ಎಂಟು ಮನೆಗಳಲ್ಲಿ ಇಟ್ಟಿಗೆಯ ನಡುವಿನ ಸಂದಿಗೆ ಗಾರೆ ತುಂಬುವ ಬದಲು ಸಂದಿಯ ಬಾಯಿಗೆ ಮಾತ್ರ ಸವರುತ್ತಿದ್ದರು. ಹೊರಗಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ, ಒಳಗೆ ಪೊಳ್ಳು. ಮೇಲೆ ತೆಳ್ಳಗೆ ಸಿಮೆಂಟಿನ ಗಿಲಾಯಿ ಬಳಿದರೆ ಮುಗಿಯಿತು, ದೇವರಿಗೂ ಕಾಣದು. ಅಕ್ಕ ತೊಟ್ಟಿಯ ಪಕ್ಕ ಕೂತು ಇಟ್ಟಿಗೆ ತಟ್ಟುತ್ತಲೇ ಇದ್ದಳು. ಅವಳ ಕೈಯಿಂದ ಬೊದಕ್ ಅನ್ನುವ ಒಂದು ಇಟ್ಟಿಗೆಯೂ ದಾಟಲಿಲ್ಲ. ಇಟ್ಟಿಗೆಗಳೆಲ್ಲ ಸಾಚಾ. ಅವುಗಳ ನಡುವೆ ಏನಿದೆ ಎಂಬುದು ಅವಳ ಕೆಲಸವಲ್ಲ.

ನಾನು ಒಂದು ಸಲ ಹೇಳಿದೆ. "ಅಕ್ಕಾ, ಎಲ್ರೂ ಮೂಲೆಮನೆನೇ ತಬ್ಕೊಂಡಿದಾರೆ."

"ಒಂದಾದ್ಮೇಲೆ ಒಂದು ಬರುತ್ತೆ ಬಿಡೋ. ಒಂಬತ್ತನ್ನೂ ತಬ್ಕೋತಾರೆ."

ಕೊನೆಯ ಬಾಗಿಲು ಕೂತಿತು. ಚೀಟಿ ಬರೆಯಲು ನಮ್ಮಲ್ಲಿ ಅಕ್ಷರ ಬಲ್ಲವರು ಕಡಿಮೆ. ಹಾಗಾಗಿ ಒಂಬತ್ತು ಮನೆಯ ಬೀಗದಕೈಗಳನ್ನೇ ಒಂದು ಬಕೆಟ್ ಮರಳಿನಲ್ಲಿ ಹೂತು, ಒಬ್ಬೊಬ್ಬರು ಕೈ ಹಾಕಿ ಎತ್ತುವುದು, ಎತ್ತಿದ ಬೀಗದಕೈ ಯಾವ ಬಾಗಿಲಿಗೆ ಹೊಂದುತ್ತದೋ ಅದು ಅವರ ಮನೆ ಎಂದಾಯಿತು. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ಎಲ್ಲರ ಮುಖದಲ್ಲೂ ಒಂದೇ ನಗು, ಬೆಕ್ಕು ಹಾಲಿನ ಪಾತ್ರೆ ಪಕ್ಕ ಕೂತು ಜಪ ಮಾಡುವಾಗಿನ ನಗು.

"ಅಕ್ಕನೇ ಮೊದ್ಲು ಎತ್ಲಿ, ಹಿರೇರು," ಎಂದ ರೈಟಣ್ಣ ಧಾರಾಳವಾಗಿ. ಹೇಗಿದ್ದರೂ ಅದು ತನಗೇ ಎಂದು ಗೊತ್ತಿದ್ದವನಿಗೆ ಧಾರಾಳತನಕ್ಕೇನು ಕೊರತೆ?

ಅಕ್ಕ ಕೈ ಹಾಕಿದಳು, ಎತ್ತಿದಳು. ಒಂದೊಂದೇ ಬಾಗಿಲಿಗೆ ಹಾಕಿ ನೋಡುತ್ತ ಹೋದಳು. ನಾವೆಲ್ಲ ಹಿಂದೆ. ಎಂಟು ಬಾಗಿಲು ಅಲುಗಲಿಲ್ಲ. ಮೂಲೆಯ ಮನೆ ಟಕ್ ಎಂದು ತೆರೆಯಿತು.

ನನಗೆ ಕುಣಿಯುವ ಹಾಗಾಯಿತು. ಬೆಳಗಿನ ಬಿಸಿಲು, ಎರಡು ಕಡೆ ಗಾಳಿ, ಸೊಳ್ಳೆ ಮೂತಿ ಮುರಿಯುವ ಗೋಡೆ! ಡಾಕ್ಟರಮ್ಮ ಹೇಳಿದ ಔಷಧಿ ಇಡೀ ಮನೆಯಷ್ಟು ಸಿಕ್ಕಿತ್ತು. ತಿರುಗಿ ನೋಡಿದರೆ ಹಿಂದೆ ಒಬ್ಬರೂ ನಗುತ್ತಿರಲಿಲ್ಲ.

"ಇದೆಂಗಾಗುತ್ತೆ?" ಎಂದ ಸೂಜಿ. "ಅದು ನಂಗೇ ಬರೋ ಹಂಗೆ ಮಾಡ್ತೀನಿ ಅಂತ ಮೇಸ್ತ್ರಿ ಹೇಳಿದ್ದ!"

"ನಿಂಗಾ?" ರೈಟಣ್ಣ ಅವನ ಕಡೆ ತಿರುಗಿದ. "ನಂಗಲ್ವಾ ಹೇಳಿದ್ದು?"

"ಅಯ್ಯೋ, ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ನಲ್ರೋ!" ಎಂದಳು ಆಯಮ್ಮ.

ನೀಲಿ ಕೈಗಳು ಒಂದಾದ ಮೇಲೊಂದು ಮೇಲೆದ್ದವು. ನಂಗೆ, ನಂಗೆ, ನಂಗೆ. ಆಮೇಲೆ ಪ್ರತಿಯೊಬ್ಬನೂ ಮಿಕ್ಕವರ ಮುಖ ನೋಡಿ, ಅವರು ಏನು ಮಾಡಿದ್ದಾರೆ ಎಂದು ತಾನು ಮಾಡಿದ್ದರಿಂದಲೇ ತಿಳಿದುಕೊಂಡ. ಎಂಟು ಮನೆಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು, ಮದುವೆಗೆ ನಿಂತ ಹೆಣ್ಣುಗಳ ಹಾಗೆ ಬೆಳ್ಳಗೆ.

ಮೇಸ್ತ್ರಿ ತಲೆ ತಗ್ಗಿಸಲಿಲ್ಲ. "ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಏಳು ಸುಳ್ಳು ಹೇಳಿ ಒಂಬತ್ತು ಮನೆ ಎಬ್ಸಿದೀನಿ. ಹೇಳ್ದೇ ಇದ್ದಿದ್ರೆ ನೀವು ಬರ್ತಿದ್ರಾ? ಎದೆ ಮುಟ್ಕೊಂಡು ಹೇಳಿ."

ಯಾರೂ ಎದೆ ಮುಟ್ಟಿಕೊಳ್ಳಲಿಲ್ಲ. ಆದರೆ ಬೆಂಕಿ ಹತ್ತಿದ ಮೇಲೆ ಅದಕ್ಕೆ ಒಂದು ಗುಡಿಸಲು ಬೇಕು. ಸೂಜಿ ಅದನ್ನು ಹುಡುಕಿದ.

"ಏಳು ಜನಕ್ಕೆ ಹೇಳ್ದೆ. ನೀನು ಎಂಟ್ನೇಯೋನು. ಒಂಬತ್ನೇದು ಅಕ್ಕ. ಅಕ್ಕ ಒಬ್ಳು ಮಾತ್ರ ನಿನ್ನ ಕೇಳಕ್ಕೆ ಬರ್ಲಿಲ್ಲ. ಯಾಕೆ? ಕೇಳೋ ಅಗತ್ಯ ಇರ್ಲಿಲ್ಲ. ನಿಜವಾಗ್ಲೂ ಕೊಟ್ಟಿದ್ದು ಅವ್ಳಿಗೆ!"

"ಥೂ ನಿನ್ನ ನಾಲ್ಗೆಗೆ!" ಎಂದು ನಾನು ಮುಂದೆ ಹೋದೆ. ಅಕ್ಕ ಅಡ್ಡ ಕೈ ಹಿಡಿದಳು. ಅವಳು ಸೂಜಿಯನ್ನು ನೋಡಲಿಲ್ಲ. ಮಿಕ್ಕವರನ್ನು ನೋಡುತ್ತಿದ್ದಳು, ಯಾರಾದರೂ ಒಬ್ಬರು ಅವನ ಬಾಯಿ ಮುಚ್ಚಿಸುತ್ತಾರೇನೋ ಎಂದು. ರೈಟಣ್ಣ ಚಪ್ಪಲಿಯೊಳಗೆ ಹೊಕ್ಕ ಮರಳು ಕೊಡವುತ್ತಿದ್ದ. ಆಯಮ್ಮನಿಗೆ ಆಕಾಶದಲ್ಲಿ ಏನೋ ಕಂಡಿತ್ತು.

"ಬಕೆಟ್ ತಗೊಂಬಾ," ಎಂದಳು ಅಕ್ಕ ನನಗೆ.

"ಅಕ್ಕಾ, ಬೇಡ. ಡಾಕ್ಟರಮ್ಮ ಹೇಳಿದ್ದು ಮರೆತ್ಯಾ?"

"ಇಷ್ಟು ಜನದ ಅನುಮಾನ ಇಟ್ಕೊಂಡು ಒಳಗೆ ಮಲಗಿದ್ರೆ ಒಣಗೋಡೆಯಲ್ಲೂ ಉಸಿರು ಕಟ್ಟುತ್ತೆ ಕಣೋ. ಇನ್ನೊಂದ್ಸಲ ಎತ್ತೋಣ. ಎಲ್ಲರ ಕಣ್ಮುಂದೆ." ಬೀಗದಕೈಯನ್ನು ಮರಳಿಗೆ ಹಾಕಿ, ತಾನೇ ಕಲಸಿದಳು. ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತಳು. ನನಗೆ ಗೊತ್ತು ಅವಳು ಯಾಕೆ ನಿಂತಳೆಂದು. ಯಾರಾದರೂ, ಒಬ್ಬರಾದರೂ, 'ಬೇಡ ಅಕ್ಕ, ಬಂದಿದ್ದು ಬಂತು, ನೀನೇ ಇಟ್ಕೋ' ಅನ್ನಲಿ ಎಂದು.

ಬಕೆಟ್ಟಿನ ಸುತ್ತ ಆಗಲೇ ಸಾಲು ನಿಂತಿತ್ತು.

ಈ ಸಲ ಮೂಲೆಯ ಮನೆ ರೈಟಣ್ಣನಿಗೆ ಬಂತು. ಅವನ ಮೇಲೆ ಯಾರೂ ಅನುಮಾನ ಪಡಲಿಲ್ಲ. ಒಂದು ಮಧ್ಯಾಹ್ನಕ್ಕೆ ಒಂದೇ ಅನುಮಾನ ಸಾಕಾಗಿತ್ತೋ ಏನೋ. ಅಕ್ಕನಿಗೆ ಸಾಲಿನ ನಡುವಿನ ಮನೆ. ಅದರ ಹಿಂದಿನ ಗೋಡೆಗೆ ಮಳೆ ನೇರವಾಗಿ ಹೊಡೆಯುತ್ತದೆ.

"ಅಕ್ಕಾ, ನಿನ್ನ ಮನಸ್ಸು ದೊಡ್ಡದು," ಎಂದು ರೈಟಣ್ಣ ಕೈ ಮುಗಿದ. ಸೂಜಿ ಮಾತ್ರ ಹೋಗುವಾಗ ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ತಪ್ಪಿಲ್ದೇ ಇದ್ರೆ ವಾಪಸ್ ಯಾಕ್ ಕೊಡ್ತಿದ್ಳು?"

ಬೇಸಿಗೆಯಲ್ಲಿ ಒಂಬತ್ತೂ ಮನೆ ಚೆನ್ನಾಗೇ ಇದ್ದವು. ಬೇಸಿಗೆಯಲ್ಲಿ ಕಳ್ಳನೂ ಸಾಧುವಿನ ಹಾಗೆ ಮರದ ನೆರಳಲ್ಲಿ ಕೂತಿರುತ್ತಾನೆ. ಮಳೆ ಬಂತು. ಮೂರನೇ ದಿನ ಅಕ್ಕನ ಮಂಚದ ಪಕ್ಕದ ಗೋಡೆ ಬೆವರಿತು. ನಾನು ಬಗ್ಗಿ ನೋಡಿದೆ. ಕೆಳಗೆ, ಮೊಣಕಾಲಿನ ಮಟ್ಟದವರೆಗೆ ಗೋಡೆ ಬಟ್ಟೆ ಒಣಹಾಕುವಷ್ಟು ಒಣಗಿತ್ತು. ಅಲ್ಲಿಂದ ಮೇಲೆ ಒಂದು ಗೆರೆ ಎಳೆದ ಹಾಗೆ ಒದ್ದೆ. ಪರದೆ ಬರುವ ಮುಂಚೆ ಕಟ್ಟಿದ್ದು ಕೆಳಗೆ, ಬಂದ ಮೇಲೆ ಕಟ್ಟಿದ್ದು ಮೇಲೆ. ಇಷ್ಟು ನಿಖರವಾಗಿ ಸಾಕ್ಷಿ ಹೇಳುವ ಗೋಡೆಯನ್ನು ನಾನು ಕಂಡಿಲ್ಲ. ನಮ್ಮ ಮನೆಯಲ್ಲಿ ಬೆಕ್ಕಾಗಿ ಹುಟ್ಟಿದ್ದರೆ ನೆಮ್ಮದಿಯಾಗಿ ಬದುಕಬಹುದಿತ್ತು. ಅಕ್ಕನ ಮೂಗು ಮಾತ್ರ ಆ ಗೆರೆಯಿಂದ ಮೇಲಿತ್ತು.

ಅವಳಿಗೆ ಉಸಿರು ಎಳೆಯುವಾಗ ಹಳೆಯ ಬಾಗಿಲು ಕಿರುಗುಟ್ಟಿದ ಹಾಗೆ ಸದ್ದು ಬರತೊಡಗಿತು.

ಮೇಸ್ತ್ರಿಯನ್ನು ಕರೆತಂದೆ. ಅವನು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ. ಮುಖ ಸಣ್ಣದಾಯಿತು. "ಗಿಲಾಯಿ ಕೆತ್ತಿ, ಸಂದಿ ಎಲ್ಲ ಬಿಡಿಸಿ, ಹೊಸದಾಗಿ ತುಂಬ್ಬೇಕು. ಒಬ್ಬಿಬ್ರ ಕೆಲ್ಸ ಅಲ್ಲ. ಎಲ್ರೂ ಸೇರಿದ್ರೆ ಎರಡು ರಜೆಯಲ್ಲಿ ಮುಗಿಯುತ್ತೆ."

"ಸೇರ್ಸು ಮತ್ತೆ!"

"ನಾನು ಕರೆದ್ರೆ ಇನ್ಯಾರು ಬರ್ತಾರೆ ತಮ್ಮಾ? ನೀನೇ ಕರಿ."

ಕರೆದೆ. ಮನೆಮನೆಗೂ ಹೋದೆ. ಒಳಗೆ ಕರೆದರು, ಕೂರಿಸಿದರು, ಟೀ ಕೊಟ್ಟರು. ಮೂಲೆಯ ಮನೆ ಬಿಟ್ಟು ಎಲ್ಲರ ಮನೆಯಲ್ಲೂ ಮೊಣಕಾಲೆತ್ತರದಿಂದ ಮೇಲಕ್ಕೆ ಮರೆಯಾಗುವ ಹಾಗೆ ಒಂದು ಬೀರು, ಒಂದು ಕ್ಯಾಲೆಂಡರು, ಒಂದು ಚಾಪೆ ಗೋಡೆಗೆ ಒರಗಿತ್ತು. ಅದರ ಹಿಂದೆ ಏನಿದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಹೊಸ ಮನೆ ಅಂದ್ರೆ ಮೊದ್ಲ ಮಳೆಗೆ ಸ್ವಲ್ಪ ಬೆವರುತ್ತೆ," ಎಂದ ಸೂಜಿ. "ಮಗು ಹುಟ್ಟಿದಾಗ ಒದ್ದೆ ಇರಲ್ವಾ, ಹಂಗೆ."

"ನಿನ್ನ ಮನೆಗೆ ಏನೂ ಆಗಿಲ್ವಾ?"

"ನಂಗೇನಾಗಿದೆ? ಬೆಣ್ಣೆ ಹಂಗಿದೆ ನನ್ ಮನೆ." ಹೇಳುವಾಗ ಚಾಪೆಯ ಮುಂದೆ ಇನ್ನೊಂದಿಷ್ಟು ಸರಿದು ಕೂತ.

ನಿಜ ಹೇಳಿದವಳು ಆಯಮ್ಮ ಒಬ್ಬಳೇ, ಅದೂ ಬಾಗಿಲು ಮುಂದಕ್ಕೆ ಹಾಕಿ. "ನಿಮ್ಮ ಗೋಡೆ ಒಳಗೆ ಏನಿದೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು ಕಣಪ್ಪಾ. ಒಡೆದ್ರೆ ಎಲ್ರಿಗೂ ಕಾಣುತ್ತೆ. ಇವತ್ತು ನಿಮ್ದು ಒಡೆದ್ರೆ ನಾಳೆ ನಂದು ಒಡೀಬೇಕು, ನಾಡಿದ್ದು ಸೂಜಿದು. ಈ ಸಂದಿ ಕಟ್ಟಿದ್ದು ಯಾರು, ಆ ಸಂದಿ ಕಟ್ಟಿದ್ದು ಯಾರು ಅಂತ ಬರುತ್ತೆ. ಆಮೇಲೆ ಹೆಂಗಪ್ಪಾ ಒಂದೇ ನಲ್ಲಿ ಹತ್ರ ನೀರು ಹಿಡಿಯೋದು?"

"ಅಕ್ಕ ಸಾಯ್ತಾಳೆ ಆಯಮ್ಮ."

ಅವಳು ಕಣ್ಣು ಒರೆಸಿಕೊಂಡಳು. ಬಾಗಿಲು ತೆರೆದು, ನಾನು ಹೋಗಲು ದಾರಿ ಬಿಟ್ಟು ನಿಂತಳು.

ನಾನು ನೇರವಾಗಿ ಮನೆಗೆ ಬಂದು, ಉಳಿ ಸುತ್ತಿಗೆ ತೆಗೆದುಕೊಂಡು, ಅಕ್ಕ ಬೇಡ ಬೇಡ ಅನ್ನುತ್ತಿದ್ದಂತೆ ಹೊಡೆದೆ. ಗಿಲಾಯಿ ಹಪ್ಪಳದ ಹಾಗೆ ಉದುರಿತು. ಸಂದಿಯ ಬಾಯಿ ಸವರಿದ್ದ ತೆಳು ಗಾರೆ ಒಡೆದು ಬೆರಳು ಬುಡದವರೆಗೆ ಒಳಗೆ ಹೋಯಿತು. ಒಳಗೆ ಏನೂ ಇಲ್ಲ. ತಣ್ಣಗೆ ಗಾಳಿ. ಇಷ್ಟು ದಿನ ಮನೆಯೆಂದು ನಾವು ಮಲಗಿದ್ದು ಇಟ್ಟಿಗೆಗಳು ಒಂದರ ಮೇಲೊಂದು ಮರ್ಯಾದೆಗೆ ನಿಂತಿದ್ದ ಜಾಗದಲ್ಲಿ.

ಸದ್ದಿಗೆ ಎಲ್ಲರೂ ಬಂದರು. ಮಳೆಯಲ್ಲಿ ನೆನೆಯುತ್ತ ಬಾಗಿಲಲ್ಲಿ ತುಂಬಿದರು. ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ತೂತನ್ನೂ ಯಾರೂ ನೋಡಲಿಲ್ಲ. ಅದರ ಸುತ್ತಲಿನ ಗೋಡೆ, ಅದರ ಮೇಲಿನ ಸೂರು, ಅದರ ಕೆಳಗಿನ ನೆಲ, ಎಲ್ಲವನ್ನೂ ನೋಡಿದರು.

"ಸಾಕು ಬಿಡು ತಮ್ಮಾ," ಎಂದು ರೈಟಣ್ಣ ನನ್ನ ಕೈಯಿಂದ ಸುತ್ತಿಗೆ ಬಿಡಿಸಿದ. ಮೆತ್ತಗೆ, ನಿದ್ದೆ ಬಂದ ಮಗುವಿನ ಕೈಯಿಂದ ಆಟಿಕೆ ತೆಗೆಯುವ ಹಾಗೆ. ಉಳಿಯನ್ನು ಸೂಜಿ ತೆಗೆದುಕೊಂಡ. ನೀಲಿ ಕೈಗಳು ಗಾರೆ ಕಲಸಿ ತಂದವು. ಮೇಸ್ತ್ರಿ ಒಂದೇ ಏಟಿಗೆ ತೂತು ಮುಚ್ಚಿ, ಮೇಲೆ ಕೈ ಆಡಿಸಿ, ನಯ ಮಾಡಿದ. ಎಷ್ಟು ದಿನದ ಮೇಲೆ ಅವರೆಲ್ಲ ಒಬ್ಬರ ಕೈಗೊಬ್ಬರು ಬಾಣಲೆ ಕೊಟ್ಟಿದ್ದರು!

"ನೀನೇನೂ ಯೋಚ್ನೆ ಮಾಡ್ಬೇಡ ಅಕ್ಕಾ. ಈ ರಜೆಗೆ ನಾವೆಲ್ಲ ಬರ್ತೀವಿ. ಗೋಡೆ ಹೊಸದಾಗಿ ಮಾಡ್ಕೊಡ್ತೀವಿ," ಎಂದ ಸೂಜಿ.

ಬಂದರು. ಒಬ್ಬರೂ ತಪ್ಪಿಸಲಿಲ್ಲ. ಬಣ್ಣದ ಡಬ್ಬಿ ಹಿಡಿದು ಬಂದರು.

ಆ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅಕ್ಕನನ್ನು ಮಂಚದ ಸಮೇತ ಎತ್ತಿ ಹೊರಗೆ, ಸೂರಿನ ಕೆಳಗೆ ಇಟ್ಟರು. ಕಾರ್ಖಾನೆಯವರು ಬಣ್ಣ ಬೆರೆಸಿದರು, ಅವರ ಕೈಯ ಕೆಲಸ ಕೇಳಬೇಕೆ? ತಿಳಿ ಆಕಾಶದ ಬಣ್ಣ. ಮೇಸ್ತ್ರಿ ಏಣಿ ಹತ್ತಿದ. ರೈಟಣ್ಣ ಕೆಳಗೆ ನಿಂತು "ಮೇಲೆ ಹೋಗ್ರೀ, ಮೇಲೆ ಜಾಗ ಇದೆ, ರೈಟ್ ರೈಟ್!" ಎಂದ. ಎಲ್ಲರೂ ನಕ್ಕರು. ಮಧ್ಯಾಹ್ನ ಒಂಬತ್ತು ಡಬ್ಬಿಗಳು ಒಂದೇ ಕಡೆ ಬಿಚ್ಚಿಕೊಂಡವು. ಆಯಮ್ಮ ಅಕ್ಕನಿಗೆ ತನ್ನ ಕೈಯಾರೆ ತಿನ್ನಿಸಲು ಹೋದಳು. ಬಣ್ಣದ ವಾಸನೆಗೆ ಅಕ್ಕನ ಕೆಮ್ಮು ನಿಲ್ಲುತ್ತಿರಲಿಲ್ಲ, ತುತ್ತು ಒಳಗೆ ಹೋಗಲಿಲ್ಲ.

"ನೋಡು, ಎಲ್ಲಾ ಎಷ್ಟು ಒಗ್ಗಟ್ಟಾಗಿದಾರೆ," ಎಂದಳು ಆಯಮ್ಮ, ಅವಳ ಬೆನ್ನು ನೀವುತ್ತ.

"ಹೂಂ," ಎಂದಳು ಅಕ್ಕ. "ಈಗ ಎಲ್ರೂ ಒಂದೇ ಗೋಡೆ ಕಟ್ತಾ ಇದಾರೆ."

ಆಯಮ್ಮನ ಕೈ ಬೆನ್ನ ಮೇಲೆ ಹಾಗೇ ನಿಂತಿತು.

ಕೆಲಸ ಮುಗಿದ ಮೇಲೆ ಅಕ್ಕನೇ ಮೊದಲು ನೋಡಬೇಕೆಂದು ಎಲ್ಲರೂ ಹಟ ಹಿಡಿದರು. ನಾನು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದೆ. ಗೋಡೆ ಆಕಾಶದ ಹಾಗೆ ಹೊಳೆಯುತ್ತಿತ್ತು. ಒಂದು ಕಲೆ ಇಲ್ಲ, ಒಂದು ಗೆರೆ ಇಲ್ಲ. ಎಂಟು ಮನೆಯವರೂ ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಿದ್ದರು, ಪರೀಕ್ಷೆ ಬರೆದ ಮಕ್ಕಳ ಹಾಗೆ. ಸೂಜಿ ಕೂಡ.

ಅಕ್ಕ ಗೋಡೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ತೆಗೆದಾಗ ಅಂಗೈ ಬಣ್ಣ ಮೆತ್ತಿಕೊಂಡು ಒದ್ದೆಯಾಗಿತ್ತು. ಆ ಕೈಯನ್ನು ಬೆನ್ನ ಹಿಂದೆ ಮರೆಸಿಕೊಂಡು ಅವರ ಕಡೆ ತಿರುಗಿದಳು.

"ಚೆನ್ನಾಗಿದೆ," ಎಂದಳು. "ತುಂಬಾ ಚೆನ್ನಾಗಿದೆ. ಎಲ್ರಿಗೂ ಪುಣ್ಯ ಬರ್ಲಿ."

ಎಲ್ಲರ ಎದೆಯಿಂದ ಒಟ್ಟಿಗೇ ಉಸಿರು ಹೊರಬಿತ್ತು. ಎಂಟು ಮನೆಯ ಗಟ್ಟಿಯಾದ, ಸಲೀಸಾದ ಉಸಿರು. ಕುಂಚ ತೊಳೆದರು, ಏಣಿ ಎತ್ತಿದರು, ನಾಳೆ ಸಿಗೋಣ ಎಂದು ಒಬ್ಬರ ಬೆನ್ನೊಬ್ಬರು ತಟ್ಟಿಕೊಂಡು ಹೊರಟರು. ರೈಟಣ್ಣನ ಹಾಡು ಮೂಲೆಯ ಮನೆಯವರೆಗೂ ಕೇಳಿಸಿತು.

"ಯಾಕೆ ಹಂಗಂದೆ?" ಎಂದು ನಾನು ಕೇಳಿದೆ. "ಅವ್ರ ಮುಖಕ್ಕೆ ಉಗೀಬೇಕಿತ್ತು."

"ಉಗಿಯಕ್ಕೂ ಉಸಿರು ಬೇಕು ಕಣೋ," ಎಂದಳು. "ಇರೋದು ಇಷ್ಟೇ. ನೀರು ಕೊಡು, ಕೈ ತೊಳ್ಕೋತೀನಿ."

ನೀರು ತಂದು ಸುರಿದೆ. ಎಷ್ಟು ಉಜ್ಜಿದರೂ ಆ ನೀಲಿ ಹೋಗಲಿಲ್ಲ. ಹೊರಗೆ ಮತ್ತೆ ಹನಿ ಬೀಳಲು ಶುರುವಾಗಿತ್ತು. ಅಕ್ಕ ಮಂಚವನ್ನು ಒಳಗೆ ತರುವುದು ಬೇಡ, ಸೂರಿನ ಕೆಳಗೇ ಇರಲಿ ಎಂದಳು. ಗೋಡೆಗೆ ಬೆನ್ನು ತಾಗದ ಹಾಗೆ ಮುಂದಕ್ಕೆ ಸರಿದು ಕೂತಳು.